ಒಗ್ಯಾಣದ ಬುಟ್ಟಿಯಲ್ಲಿ ಸರಸ್ವತಿ

ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ ನನ್ನ ಮಗ ಕಳೆದ ಶ್ರಾವಣದಲ್ಲಿ ಊರಿಗೆ ಬಂದಾಗ ಎದೆಯ ತುಂಬ ಸರಸ್ವತಿಯನ್ನು ಹೊತ್ತು ಬಂದಿದ್ದ. ರವಿವರ್ಮನ ಸರಸ್ವತಿ, ನಮ್ಮ ಶಾಲೆಯ ಗೋಡೆಯ ಮೇಲಿರುವುದೂ ಅದೇ. “ಅವ್ವಾ, ನೂರಕ್ಕ ನೂರು ಕಾಟನ್ ಟೀ ಶರ್ಟ್. ನಮಗ ಬೇಕಾದ ಚಿತ್ರ ಕಳಿಸಿದ್ರ ಹಾಂಗ ಅಚ್ಚು ಹಾಕಿ ಕೊಡತಾರ” ಎಂದ. ಎರಡು ದಿನ ಇದ್ದು, ಹೋಗುವಾಗ ಅದನ್ನು ಒಗ್ಯಾಣದ ಬುಟ್ಟಿಗೆ ಹಾಕಿ ಹೋದ.

ಒಗೆಯುವ ಕಲ್ಲಿನ ಮುಂದೆ ನನಗೆ ಕೈ ಏಳಲಿಲ್ಲ. ವೀಣೆಯ ಮೇಲೆ ಸಾರಿನ ಕಲೆ. ತಿಕ್ಕಲೇ, ಬಡಿಯಲೇ? ಕಡೆಗೆ ಅಂಗಿಯ ಒಳಮೈ ಹೊರಗೆ ಮಾಡಿ, ಯಾರಿಂದಲೋ ಕಣ್ಣು ತಪ್ಪಿಸಿದಂತೆ ಒಗೆದು ಹಾಕಿದೆ.

ದೇವರನ್ನು ಮೈಮೇಲೆ ಧರಿಸಬಾರದೆಂದು ನಾನು ಹೇಳುತ್ತಿಲ್ಲ. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಳ್ಳುವ ಸೀಮೆಯವಳು ಹಾಗೆ ಹೇಳುವುದಾದರೂ ಹೇಗೆ? ಅಪಮಾನವಾಯಿತೆಂದು ಬೀದಿಗಿಳಿಯುವ ಗುಂಪಿನವಳೂ ನಾನಲ್ಲ. ನನ್ನ ತಕರಾರೇ ಬೇರೆ. ಭಕ್ತಿಯನ್ನು ತೊಟ್ಟು ಮೆರೆಯುವವರು ಮಕ್ಕಳು. ಅದರ ಬೆವರು, ಕಲೆ, ಹರಿದ ಮೇಲಿನ ಗತಿ ಎಲ್ಲ ತಾಯಂದಿರ ಪಾಲು. ಹಳೆಯ ಹತ್ತಿಯ ಅಂಗಿ ನಮ್ಮ ನಿಮ್ಮ ಮನೆಗಳಲ್ಲಿ ಏನಾಗುತ್ತದೆ? ಮಸಿಅರಿವೆಯಾಗುತ್ತದೆ, ನೆಲ ಒರೆಸಲು ಹೋಗುತ್ತದೆ. ಸರಸ್ವತಿಯಿಂದ ನೆಲ ಒರೆಸಲೇ, ನೀವೇ ಹೇಳಿ. ಅಚ್ಚು ಹಾಕುವವನು ಅಳತೆ ಕೇಳುತ್ತಾನೆ, ಬಣ್ಣ ಕೇಳುತ್ತಾನೆ, ಇದನ್ನು ಕೇಳುವುದಿಲ್ಲ.

ಅಚ್ಚಿನ ದೇವರು ಹೊಸಬನೇನಲ್ಲ. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ. ಗುಡಿಯೊಳಗೆ ಬಿಟ್ಟುಕೊಳ್ಳದವರ ಮನೆಯ ಗೋಡೆಗೂ ಲಕ್ಷ್ಮಿ, ಸರಸ್ವತಿ ಬಂದರು. ಒಳ್ಳೆಯದೇ ಆಯಿತು. ಬ್ರಿಟಿಷರ ಕಾಲದಲ್ಲಿ ಮ್ಯಾಂಚೆಸ್ಟರಿನ ವ್ಯಾಪಾರಿಗಳೂ ಬಟ್ಟೆಯ ಥಾನಿನ ಮೇಲೆ ನಮ್ಮ ದೇವರ ಬಣ್ಣದ ಚೀಟಿ ಅಂಟಿಸಿ ಕಳಿಸುತ್ತಿದ್ದರು. ಲಾಭಕ್ಕಾಗಿಯೇ, ಭಕ್ತಿಗಲ್ಲ. ಆದರೆ ಆ ಚೀಟಿಯನ್ನು ಬಿಡಿಸಿಕೊಳ್ಳಲು ಬರುತ್ತಿತ್ತು: ದೇವರು ಗೋಡೆಗೆ, ಬಟ್ಟೆ ಮೈಗೆ. ನಮ್ಮ ಧಾರವಾಡದ ಕಡೆಯ ಹೆಣ್ಣುಮಕ್ಕಳು ಇಳಕಲ್ ಸೀರೆಯ ಮೇಲೆ ಕಸೂತಿಯಲ್ಲಿ ಗೋಪುರ ತೆಗೆದರು, ತೇರು, ತುಳಸಿಕಟ್ಟೆ ತೆಗೆದರು; ಗುಡಿಯೊಳಗಿನ ಮೂರ್ತಿಯ ಮುಖದ ಗೊಡವೆಗೆ ಹೆಚ್ಚಾಗಿ ಹೋಗಲಿಲ್ಲ. ಸೀರೆ ಒಗೆಯುವವರೂ ಅವರೇ ಆಗಿದ್ದರಲ್ಲ!

ಇನ್ನು, ಹೇಳಿ ಮಾಡಿಸಿ ದೇವರ ಚಿತ್ರ ಬರೆಸುವುದನ್ನು ಕಲಘಟಗಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮೂರ ತೊಟ್ಟಿಲೇ ಇದೆ. ಸಾಗವಾನಿಯ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣ. ಮೊದಲೇ ಹೇಳಿ, ಕಾಯಬೇಕು. ನಟ ಅಂಬರೀಷ್ 2018ರಲ್ಲಿ ತೀರಿಕೊಳ್ಳುವ ಮುಂಚೆ ಯಶ್ ಅವರ ಮಗುವಿಗೆಂದು ಹೇಳಿಟ್ಟಿದ್ದ ತೊಟ್ಟಿಲು ಇಲ್ಲಿಂದಲೇ ಹೋಯಿತು, ಅವರು ಹೋದ ಮೇಲೆ. ನಾನು ಮಲಗಿದ ತೊಟ್ಟಿಲಲ್ಲಿಯೇ ನನ್ನ ಮಗನೂ ಮಲಗಿದ. ಆ ಚಿತ್ರಗಳ ಮೇಲೆ ಎಷ್ಟೋ ಸಲ ಉಚ್ಚೆ ಹೊಯ್ದಿದ್ದಾನೆ. ಕೃಷ್ಣನಿಗೆ ಬೇಸರವಾದಂತೆ ಕಾಣಲಿಲ್ಲ. ಒದ್ದೆ ಅರಿವೆಯಿಂದ ಒರೆಸಿದರೆ ಬಣ್ಣ ಮತ್ತೆ ಹೊಳೆಯುತ್ತಿತ್ತು. ಅಂಥ ಚಿತ್ರ ಬರೆಯುವ ಮನೆಗಳು ಈಗ ಬೆರಳೆಣಿಕೆಯಷ್ಟು. ದೇವರ ಚಿತ್ರವೇ ಬೇಕೆಂದರೆ ಅವರ ಬಾಗಿಲಿಗೆ ಹೋಗಿ ಒಂದು ಹಲಗೆ ಬರೆಸಬಾರದೆ?

ನಾಲ್ಕು ಒಗೆತಕ್ಕೆ ಸರಸ್ವತಿಯ ಮುಖ ಬಿರಿದಿದೆ. ಅಂಗಿ ಟ್ರಂಕಿನಲ್ಲಿ ಬಿದ್ದಿದೆ. ಹರಿಯಲೂ ಮನಸ್ಸಿಲ್ಲ, ಎಸೆಯಲೂ ಇಲ್ಲ. ಮಗ ಮೊನ್ನೆ ಫೋನು ಮಾಡಿ, “ಅವ್ವಾ, ನಿನ್ನ ಅಳತಿ ಹೇಳು, ನಿನಗೂ ಒಂದು ತರಸತೇನಿ” ಎಂದ.

“ಮೊದಲ ಬಂದು ಇದನ್ನ ಏನ ಮಾಡಬೇಕು ಹೇಳು” ಎಂದೆ.