ಬೀದಿಯ ಲೆಕ್ಕ: ಮದ್ಯದ ಸನ್ನದುಗಳ ವಿಷಯವಾಗಿ ಒಂದು ಬಿನ್ನಹ



ಶನಿವಾರದ ರಾತ್ರಿ ಒಂದು ಗಂಟೆ ಕಳೆದು ಹತ್ತು ನಿಮಿಷವಾಗಿರುವಾಗ ಇಂದಿರಾನಗರದ ನೂರಡಿ ರಸ್ತೆಯ ಆಸುಪಾಸಿನ ಯಾವುದಾದರೊಂದು ಅಡ್ಡರಸ್ತೆಯಲ್ಲಿ ನಿಂತು ನೋಡಿದವರಿಗೆ ಈ ಕರಪತ್ರದ ಅವಶ್ಯಕತೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಪಬ್ಬುಗಳ ದೀಪಗಳು ಆರುತ್ತವೆ. ಒಳಗಿದ್ದ ಜನವೆಲ್ಲ ಒಂದೇ ಕಾಲಕ್ಕೆ ಹೊರಗೆ ಬರುತ್ತದೆ. ವ್ಯಾಲೆ ಹುಡುಗರು ಬೀಗದಕೈಗಳ ಗೊಂಚಲು ಹಿಡಿದು, ಪರರ ಮನೆಯ ಗೇಟಿನ ಮುಂದೆ ನಿಲ್ಲಿಸಿ ಬಂದಿದ್ದ ಕಾರುಗಳನ್ನು ತರಲು ಓಡುತ್ತಾರೆ. ಮೆಟ್ರೊದ ಕೊನೆಯ ಗಾಡಿ ಎಂದೋ ಹೋಗಿಬಿಟ್ಟಿರುವುದರಿಂದ ಆಟೊ, ಕ್ಯಾಬುಗಳಿಗಾಗಿ ಕಾಯುವವರು ಕಾಂಪೌಂಡಿನ ಕಟ್ಟೆಗಳ ಮೇಲೆ ಕುಳಿತು, ಸಂತೋಷದಲ್ಲಿರುವವರಿಗೆ ಸಹಜವಾದ ಎತ್ತರದ ದನಿಯಲ್ಲಿ ಮಾತನಾಡುತ್ತಾರೆ. ಬೆಳಗಾದ ಮೇಲೆ ನಮ್ಮ ಎದುರುಮನೆಯ ಅಜ್ಜಿ ರಂಗೋಲಿಯ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು, ಮೊದಲು ಮೊರವನ್ನೂ ಪೊರಕೆಯನ್ನೂ ತಂದು, ಒಡೆದ ಬಾಟಲಿಯ ಚೂರುಗಳನ್ನು ಗೋರಿ, ನೀರು ಚಿಮುಕಿಸಿ, ಆಮೇಲೆ ಚುಕ್ಕಿ ಇಡುತ್ತಾರೆ. ಚೂರುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಪೌರಕಾರ್ಮಿಕರ ಕೈಗೆ ಗಾಯವಾಗದಿರಲೆಂದು ಪೊಟ್ಟಣದ ಮೇಲೆ ದಪ್ಪಕ್ಷರಗಳಲ್ಲಿ ‘ಗಾಜು’ ಎಂದು ಬರೆದಿಡುವುದು ಅವರ ರೂಢಿ.

ಈ ದೂರನ್ನು ಹೊತ್ತು ನಾವು ನಾಲ್ವರು ಒಂದು ಕಛೇರಿಗೆ ಹೋದಾಗ, ಅಲ್ಲಿನ ಅಧಿಕಾರಿಗಳು ಕುರ್ಚಿ ಹಾಕಿಸಿ, ಸಾವಧಾನವಾಗಿ ಎಲ್ಲವನ್ನೂ ಕೇಳಿ, ಕೊನೆಗೆ, “ಯಾವ ಬಾರು ಅಂತ ಹೇಳಿ ಸಾರ್, ಬೀದಿ ಮೇಲೆ ಕೇಸ್ ಹಾಕೋಕಾಗಲ್ಲ” ಎಂದರು. ಆ ಮಾತಿನಲ್ಲಿ ಉದ್ಧಟತನವೇನೂ ಇರಲಿಲ್ಲ. ಇದ್ದದ್ದು ಕಾನೂನಿನ ಯಥಾಸ್ಥಿತಿಯೇ. ಯಾವ ಬಾರು ಎಂದು ನಮಗೂ ಹೇಳಲಾಗಲಿಲ್ಲ. ಬಾಟಲಿಗೆ ಊರು ಹೆಸರು ಇರುವುದಿಲ್ಲ.

1965ರ ಕರ್ನಾಟಕ ಅಬಕಾರಿ ಅಧಿನಿಯಮವೂ ಅದರ ಅಡಿಯಲ್ಲಿ ರಚಿತವಾದ ನಿಯಮಾವಳಿಗಳೂ ಸನ್ನದು ಬೇಡಿದವನ ಕಟ್ಟಡವು ದೇವಸ್ಥಾನದಿಂದ, ಶಾಲೆಯಿಂದ, ಆಸ್ಪತ್ರೆಯಿಂದ 100 ಮೀಟರು ದೂರವಿದೆಯೇ ಎಂದು ವಿಚಾರಿಸುತ್ತವೆ. ಆ ಕಟ್ಟಡದ ಅಕ್ಕಪಕ್ಕದಲ್ಲಿ ಈಗಾಗಲೇ ಎಷ್ಟು ಸನ್ನದುಗಳಿವೆಯೆಂಬ ಪ್ರಶ್ನೆಯನ್ನು ಅದೇ ಶ್ರದ್ಧೆಯಿಂದ ವಿಚಾರಿಸುವುದಿಲ್ಲ. ಅಬಕಾರಿ ಇಲಾಖೆ ಸನ್ನದನ್ನು ಕೊಡುತ್ತದೆ, ಪಾಲಿಕೆ ಉದ್ದಿಮೆ ಪರವಾನಗಿಯನ್ನು ಕೊಡುತ್ತದೆ, ಸಂಗೀತ ಮನೋರಂಜನೆಗಳ ಅಪ್ಪಣೆ 2005ರ ಆದೇಶದ ಪ್ರಕಾರ ಪೊಲೀಸರ ಕೈಯಲ್ಲಿದೆ, ಬೆಂಕಿಯ ವಿಚಾರ ಅಗ್ನಿಶಾಮಕದವರದು. ಹೀಗೆ ನಾಲ್ಕು ಕಡೆಯ ನಾಲ್ಕು ಕಣ್ಣುಗಳು ಒಂದೊಂದು ಬಾಗಿಲನ್ನು ಪ್ರತ್ಯೇಕವಾಗಿ ಪರೀಕ್ಷಿಸಿ, ಎಲ್ಲವೂ ಕ್ರಮಬದ್ಧವಾಗಿದೆಯೆಂದು ಮೊಹರು ಒತ್ತಿದ ಮೇಲೆ, ಆ ಎಲ್ಲ ಕ್ರಮಬದ್ಧ ಬಾಗಿಲುಗಳೂ ಸೇರಿ ಉಂಟುಮಾಡಿದ ಅಕ್ರಮವನ್ನು ನೋಡುವುದಕ್ಕೆ ಐದನೆಯ ಕಣ್ಣೊಂದು ಇಲ್ಲ.

ಇದು ಅಲಂಕಾರದ ಮಾತಲ್ಲ, ಗಣಿತ. 2000ದ ಶಬ್ದಮಾಲಿನ್ಯ ನಿಯಮಗಳ ಮೇರೆಗೆ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಶಬ್ದವು 45 ಡೆಸಿಬಲ್ಲನ್ನು ಮೀರಕೂಡದು. ಒಂದು ಪಾನಗೃಹದ ಸದ್ದು ನಮ್ಮ ಮಲಗುವ ಕೋಣೆಯ ಕಿಟಕಿಯ ಬಳಿ 44 ಡೆಸಿಬಲ್ ಇದ್ದರೆ ಅದು ನಿರ್ದೋಷಿ. ಅಷ್ಟೇ ಸದ್ದಿನ ಮತ್ತೊಂದು ಸೇರಿದರೆ ಮೊತ್ತ 47 ಆಗುತ್ತದೆ. ಹತ್ತು ಸೇರಿದರೆ 54. ಹತ್ತರಲ್ಲಿ ಯಾವುದನ್ನು ಬೇರೆಯಾಗಿ ಅಳೆದರೂ ಅದು ನಿರ್ದೋಷಿಯೇ. ಅಪರಾಧವು ನಡೆದಿದೆ, ಅಪರಾಧಿ ಮಾತ್ರ ಇಲ್ಲ. ಡೋಲಿನ ಆ ತಗ್ಗಿದ ಗುಮ್ಮೆಂಬ ಶಬ್ದವಂತೂ ಕಿವಿಗಿಂತ ಮುಂಚೆ ಅಡಿಗೆಮನೆಗೆ ಬರುತ್ತದೆ: ಶೆಲ್ಫಿನ ಮೇಲಿನ ಸ್ಟೀಲು ಡಬ್ಬಿಗಳ ಮುಚ್ಚಳಗಳು ಸಣ್ಣಗೆ ಗಿಣಿಗಿಣಿ ಎನ್ನತೊಡಗಿದರೆ ವಾರಾಂತ್ಯ ಬಂತೆಂದು ನಾವು ತಿಳಿಯುತ್ತೇವೆ. ಹನಿಗೂಡಿ ಹಳ್ಳವೆಂದು ನಮ್ಮ ಹಿರಿಯರು ಉಳಿತಾಯವನ್ನು ಕಲಿಸಲು ಹೇಳುತ್ತಿದ್ದರು. ಉಪದ್ರವಕ್ಕೂ ಅದೇ ಲೆಕ್ಕ ಅನ್ವಯಿಸುತ್ತದೆಂಬುದನ್ನು ನಮ್ಮ ಶಾಸನಕರ್ತರು ಇನ್ನೂ ಒಪ್ಪಬೇಕಾಗಿದೆ.

ಚಿಲ್ಲರೆ ಮದ್ಯದಂಗಡಿಗಳ ಸಿಎಲ್-2, ಬಾರುಗಳ ಸಿಎಲ್-9 ಸನ್ನದುಗಳನ್ನು ಹೊಸದಾಗಿ ಕೊಡುವುದನ್ನು ಸರ್ಕಾರವು ದಶಕಗಳ ಕಾಲ ತಡೆಹಿಡಿದಿತ್ತಲ್ಲ, ಹಾಗಿರುವಾಗ ಬಾರುಗಳು ಹೆಚ್ಚಿದ್ದು ಹೇಗೆಂದು ಕೇಳುವವರುಂಟು. ರಾಜ್ಯದ ಒಟ್ಟು ಸಂಖ್ಯೆಗೆ ಕಟ್ಟೆ ಹಾಕಿದ ಮಾತ್ರಕ್ಕೆ ಅದು ಒಂದು ಬೀದಿಗೆ ಹಾಕಿದ ಕಟ್ಟೆಯಾಗುವುದಿಲ್ಲ. ಹಳೆಯ ಸನ್ನದು ಸ್ಥಳಾಂತರ ಹೊಂದುತ್ತದೆ, ಕೈ ಬದಲಾಗುತ್ತದೆ. ನೀರು ತಗ್ಗಿಗೆ ಹರಿಯುವಂತೆ ಅದು ಲಾಭವಿರುವ ರಸ್ತೆಗೆ ಹರಿಯುತ್ತದೆ. ಅದರ ಮೇಲೆ ವಸತಿಗೃಹಗಳಿಗೆ ಸಲ್ಲುವ ಸಿಎಲ್-7 ಬೇರೆ ಇದೆ. ಹೀಗೆ, ವಸತಿಗೆಂದೇ ನಿವೇಶನ ಹಂಚಿ ನಿರ್ಮಿಸಿದ ಬಡಾವಣೆಯೊಂದು, ಯಾವೊಂದು ಸಭೆಯಲ್ಲಿಯೂ ಯಾರೂ ಹಾಗೆಂದು ನಿರ್ಣಯಿಸದೆಯೇ, ಮಹಾನಗರದ ಪಾನಶಾಲೆಯಾಗಿ ಪರಿಣಮಿಸಿತು. 2024ರ ಆಗಸ್ಟಿನಲ್ಲಿ ಬೆಂಗಳೂರು ಪಾಲಿಕೆಯ ವ್ಯಾಪ್ತಿಯ ಬಾರುಗಳಿಗೆಲ್ಲ ರಾತ್ರಿ ಒಂದರವರೆಗೆ ತೆರೆದಿರಲು ಅನುಮತಿಯಿತ್ತ ಆಜ್ಞೆಯೂ ಇದೇ ಕುರುಡಿನದು: ಸುತ್ತ ಗೋದಾಮುಗಳಿರುವ ಬಾರಿಗೂ ಸುತ್ತ ತೊಟ್ಟಿಲುಗಳಿರುವ ಬಾರಿಗೂ ಅದು ಒಂದೇ ಗಡಿಯಾರವನ್ನು ಕೊಟ್ಟಿದೆ.

ಈ ವಿವೇಕವೇನೂ ನೂತನವಾದುದಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅವರಿಂದ ಅಚ್ಚು ಕಂಡ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳಿಗೆಂದೇ ಮೀಸಲಾದ ಪ್ರಕರಣವೊಂದಿದೆ. ಕೌಟಿಲ್ಯನು ಪಾನವಿರೋಧಿಯಲ್ಲ, ಪಾನಗೃಹಗಳಲ್ಲಿ ಶಯ್ಯಾಸನಗಳೂ ಗಂಧಮಾಲ್ಯಗಳೂ ಋತುವಿಗೆ ತಕ್ಕ ಸೌಖ್ಯವೂ ಇರಬೇಕೆಂದು ವಿಧಿಸುವಷ್ಟು ರಸಿಕನು. ಅಂತಹವನೇ, ಸುರೆಯ ಅಂಗಡಿಗಳು ಒಂದರ ಮಗ್ಗುಲಿಗೆ ಒಂದಾಗಿ ಒತ್ತಾಗಿರಬಾರದೆಂದೂ ಹೇಳುತ್ತಾನೆ. ಶಾಸ್ತ್ರಿಗಳು ಆ ಸೂತ್ರವನ್ನು ಅರ್ಥೈಸಿರುವುದು ಹಾಗೆಯೇ. ಕಬ್ಬನ್ ಉದ್ಯಾನದ ಪಕ್ಕದ ಕಛೇರಿಗಳಿಗೆ ಮೈಸೂರು ಅಷ್ಟೊಂದು ದೂರವೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ದೂರದ ನಿದರ್ಶನವೇ ಬೇಕೆಂದರೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನಗರಸಭೆಯಿದೆ. ಇಂಗ್ಲೆಂಡಿನಲ್ಲಿ 2003ರ ಶಾಸನದಂತೆ ಮದ್ಯದ ಪರವಾನಗಿ ಕೊಡುವ ಅಧಿಕಾರ ಸ್ಥಳೀಯ ಸಂಸ್ಥೆಯದೇ ಆಗಿದೆ. ರಾತ್ರಿಜೀವನ ಕಿಕ್ಕಿರಿದ ಸೋಹೊ, ಲೆಸ್ಟರ್ ಚೌಕಗಳಂತಹ ಪ್ರದೇಶವನ್ನು ‘ಸಂಚಿತ ಪರಿಣಾಮ’ದ ವಲಯವೆಂದು ನಗರಸಭೆ ಗೊತ್ತುಪಡಿಸಬಹುದು, ಅಂತಹ ವಲಯದಲ್ಲಿ ಹೊಸದಾಗಿ ಬಾಗಿಲು ತೆರೆಯಬಯಸುವವನು ತನ್ನಿಂದ ಈಗಿರುವ ಹೊರೆ ಹೆಚ್ಚುವುದಿಲ್ಲವೆಂದು ತಾನೇ ತೋರಿಸಿಕೊಡಬೇಕು. 2017ರ ತಿದ್ದುಪಡಿಯಿಂದ ಈ ಪದ್ಧತಿಗೆ ಶಾಸನದ ಆಧಾರ ದೊರೆತು, ಮೂರು ವರ್ಷಗಳಿಗೊಮ್ಮೆ ಸಾಕ್ಷ್ಯವನ್ನು ಪುನರ್ವಿಮರ್ಶೆ ಮಾಡಬೇಕೆಂಬ ನಿರ್ಬಂಧವೂ ಬಂದಿದೆ. ಸೋಹೊದ ರಾತ್ರಿಗಳು ಅದರಿಂದ ನಂದಿಹೋಗಲಿಲ್ಲ.

ನಂದಿಸುವ ವಿಧಾನವೂ ಒಂದಿದೆ. ಅದನ್ನು ನಾವು ಬೇಡುತ್ತಿಲ್ಲ. ಸಿಡ್ನಿಯಲ್ಲಿ 2014ರಲ್ಲಿ ರಾತ್ರಿ ಒಂದೂವರೆಯ ಮೇಲೆ ಯಾರನ್ನೂ ಒಳಗೆ ಬಿಡಕೂಡದು, ಮೂರರ ಮೇಲೆ ಮದ್ಯ ಸುರಿಯಕೂಡದು ಎಂಬ ಕಟ್ಟಳೆಯನ್ನು ನಗರದ ಮಧ್ಯಭಾಗಕ್ಕೆಲ್ಲ ಒಟ್ಟಾಗಿ ಹೇರಿ, ಸಂಗೀತಗಾರರನ್ನೂ ಸಣ್ಣ ವ್ಯಾಪಾರಿಗಳನ್ನೂ ಬಡವಾಗಿಸಿ, 2020ರಲ್ಲಿ ಬಹುಭಾಗವನ್ನೂ ಮರುವರ್ಷ ಉಳಿದುದನ್ನೂ ಹಿಂತೆಗೆದುಕೊಂಡರು. ನಮ್ಮಲ್ಲಿಯೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮನೋರಂಜನಾ ಪರವಾನಗಿಯ ಆದೇಶವನ್ನು ಎತ್ತಿಹಿಡಿದ ಮೇಲೆ, ಯಾರಿಗೂ ಉಪದ್ರವ ಕೊಡದ ಸಣ್ಣ ಸ್ಥಳಗಳಲ್ಲಿಯೂ ಗಿಟಾರು ಮೂಲೆ ಸೇರಿತು. ಅದು ನ್ಯಾಯವೆಂದು ನನಗೆ ಕಾಣಲಿಲ್ಲ. ನಾನು ಮದ್ಯವನ್ನು ಮುಟ್ಟದ ವ್ರತಸ್ಥನೂ ಅಲ್ಲ. ಬೇಸಗೆಯ ಸಂಜೆ ಒಂದು ಗ್ಲಾಸು ಬಿಯರು ಕುಡಿದು ಒಂಬತ್ತಕ್ಕೆ ಮನೆ ಸೇರುವ ಗೃಹಸ್ಥನು. ಬಾರುಗಳಲ್ಲಿ ಕುಂದಾಪುರದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದು ತಟ್ಟೆ ಎತ್ತಿ, ಒಲೆಯ ಮುಂದೆ ಬೆಂದು, ಊರಿಗೆ ಹಣ ಕಳುಹಿಸುವ ಹುಡುಗರ ಅನ್ನಕ್ಕೆ ಕಲ್ಲು ಹಾಕುವ ಇಚ್ಛೆ ನಮಗಾರಿಗೂ ಇಲ್ಲ. ಅಬಕಾರಿಯ ವರಮಾನವು ರಾಜ್ಯದ ಬೊಕ್ಕಸಕ್ಕೆ ದೊಡ್ಡ ಆಧಾರವೆಂಬುದೂ ನಿಜವೇ. ಆದರೆ ವರಮಾನ ಬೊಕ್ಕಸಕ್ಕೆ, ಚೂರು ಅಜ್ಜಿಯ ಮೊರಕ್ಕೆ ಎಂಬ ಈ ಪಾಲುಪಟ್ಟಿಯನ್ನು ಯಾರು ಬರೆದರು? ಬೇಸರವಾದರೆ ಮನೆ ಮಾರಿ ಹೋಗಿರೆಂದು ಉಪದೇಶಿಸುವವರಿಗೆ ಉತ್ತರ ಕೊಡುವುದು ಅನಾವಶ್ಯಕ.

ನಮ್ಮ ಪ್ರಾರ್ಥನೆ ಇಷ್ಟು. ಪಾಲಿಕೆಯು ಬಾರು, ಪಬ್ಬುಗಳನ್ನೂ ಅವುಗಳ ಆಸನಸಂಖ್ಯೆಯನ್ನೂ ಬೀದಿಬೀದಿಯಾಗಿ ಎಣಿಸಿ, ವಾರ್ಡಿನಲ್ಲಿ ಬಹಿರಂಗ ವಿಚಾರಣೆ ನಡೆಸಿ, ಮಿತಿ ಮೀರಿದ ರಸ್ತೆಗಳನ್ನು ‘ತುಂಬಿದ ಬೀದಿ’ಗಳೆಂದು ಸಾರಬೇಕು, ಸಾರಿದ ಬೀದಿಯಲ್ಲಿ ಹೊಸ ಉದ್ದಿಮೆ ಪರವಾನಗಿಯನ್ನು ಸಾಮಾನ್ಯವಾಗಿ ನಿರಾಕರಿಸಬೇಕು, ಅಬಕಾರಿ ಇಲಾಖೆಯೂ ಪಾಲಿಕೆಯ ಲಿಖಿತ ಸಮ್ಮತಿಯಿಲ್ಲದೆ ಅಲ್ಲಿಗೆ ಸನ್ನದನ್ನು ಸ್ಥಳಾಂತರಿಸಕೂಡದು. ಈಗಾಗಲೇ ಇರುವವರನ್ನು ಎಬ್ಬಿಸಬೇಕಾಗಿಲ್ಲ. ಆದರೆ ಅವರ ನವೀಕರಣಕ್ಕೆ ಮುನ್ನ ವಾಹನ ನಿಲ್ಲಿಸುವ ಜಾಗ, ಗಾಜಿನ ಕಸದ ವಿಲೇವಾರಿ, ಕಿಟಕಿಯ ಬಳಿ ಅಳೆದ ಒಟ್ಟು ಶಬ್ದ, ಇವು ಮೂರನ್ನು ಕೇಳಲೇಬೇಕು. ಮುಚ್ಚುವ ವೇಳೆಯೂ ಮನೆಗಳ ಸಾಮೀಪ್ಯವನ್ನು ನೋಡಿ ನಿಗದಿಯಾಗಬೇಕು.

2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ವರ್ಷಗಟ್ಟಲೆ ಕಾರ್ಪೊರೇಟರುಗಳಿಲ್ಲದೆ ನಡೆಯಿತು. 2025ರ ಸೆಪ್ಟೆಂಬರಿನಲ್ಲಿ ಅದರ ಸ್ಥಾನಕ್ಕೆ ಐದು ನಗರಪಾಲಿಕೆಗಳು ಬಂದಿವೆ. ಹೊಸ ಮನೆಯಲ್ಲಿ ಹೊಸ ಕಟ್ಟಳೆ ಬರೆಯುವುದು ಸುಲಭ. ಮತ ಕೇಳಲು ಬರುವವರು ಬಾಗಿಲಲ್ಲಿ ನಿಂತಾಗ, ನಿಮ್ಮ ಪಾಲಿಕೆ ಬೀದಿಯ ಲೆಕ್ಕ ಇಡುವುದೋ ಇಲ್ಲವೋ ಎಂದು ಕೇಳಿರಿ.

ಅವರು ಎಣಿಸುವವರೆಗೆ ನಾವು ಕೈಕಟ್ಟಿ ಕೂರುವುದೂ ಬೇಡ. ಬರುವ ಭಾನುವಾರ ಬೆಳಗ್ಗೆ ಏಳಕ್ಕೆ ನಮ್ಮ ಉದ್ಯಾನದ ಗೇಟಿನ ಬಳಿ ಬನ್ನಿ. ಇಬ್ಬಿಬ್ಬರು ಒಂದೊಂದು ಅಡ್ಡರಸ್ತೆಯನ್ನು ವಹಿಸಿಕೊಳ್ಳೋಣ. ಆ ಹೊತ್ತಿಗೆ ಬಾಗಿಲುಗಳೆಲ್ಲ ಮುಚ್ಚಿದ್ದು ಹೊರಗಿನ ಹಲಗೆಗಳು ಮಾತ್ರ ಕಾಣುವುದರಿಂದ ಎಣಿಸಲು ಅನುಕೂಲ. ಹಾಳೆ, ಪೆನ್ಸಿಲುಗಳನ್ನು ತನ್ನಿ. ದಪ್ಪ ಅಟ್ಟೆಯ ಚಪ್ಪಲಿ ಹಾಕಿಕೊಂಡೇ ಬನ್ನಿ.