ಸಮ ಬಂದಾಗ ಒಳಗೆ ಯಾರು, ಹೊರಗೆ ಯಾರು?

ಐಪಿಎಲ್ ಲೀಗ್ ಹಂತದ ಕೊನೆಯ ವಾರ ಬಂತೆಂದರೆ ಕಲಾ ವಿಭಾಗದವರೂ ಗಣಿತಜ್ಞರಾಗುತ್ತಾರೆ. ಇಷ್ಟು ರನ್‌ಗಳಿಂದ ಗೆದ್ದರೆ ಒಳಗೆ, ಒಂದು ರನ್ ಕಡಿಮೆಯಾದರೆ ಹೊರಗೆ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. 2024ರ ಮೇ 18ರಂದು ಬೆಂಗಳೂರಿನಲ್ಲಿ ಆರ್‌ಸಿಬಿ ಚೆನ್ನೈ ತಂಡವನ್ನು 27 ರನ್‌ಗಳಿಂದ ಸೋಲಿಸಿದಾಗ ಎರಡೂ ತಂಡಗಳ ಅಂಕ 14. ಆರ್‌ಸಿಬಿಯನ್ನು ಪ್ಲೇಆಫ್‌ಗೆ ದಾಟಿಸಿದ್ದು ನೆಟ್ ರನ್ ರೇಟ್.

ಇದೇ ಪ್ರಶ್ನೆಗೆ ಅಮೆರಿಕದ ಎನ್‌ಎಫ್‌ಎಲ್ ಬೇರೆಯದೇ ಉತ್ತರ ಕೊಟ್ಟುಕೊಂಡಿದೆ. ಇದು ನಾವು ಆಡುವ ಫುಟ್ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್ಬಾಲ್. ಆಟದ ಪರಿಚಯ ಇಲ್ಲದವರೂ ಅದರ ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಅದರಲ್ಲಿ ನಾವು ಮೆಚ್ಚಬೇಕಾದದ್ದೂ ಇದೆ, ಒಪ್ಪಬಾರದ್ದೂ ಇದೆ.

ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಎಎಫ್‌ಸಿ, ಎನ್‌ಎಫ್‌ಸಿ ಎಂಬ ಎರಡು ಕಾನ್ಫರೆನ್ಸ್‌ಗಳು. ಪ್ರತಿಯೊಂದರಲ್ಲೂ ನಾಲ್ಕು ತಂಡಗಳ ನಾಲ್ಕು ಡಿವಿಷನ್‌ಗಳು. 2021ರಿಂದ ಒಂದು ತಂಡಕ್ಕೆ 17 ಪಂದ್ಯ. ಪ್ರತಿ ಕಾನ್ಫರೆನ್ಸ್‌ನಿಂದ ಏಳು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ: ನಾಲ್ಕು ಡಿವಿಷನ್‌ಗಳ ವಿಜೇತರು, ಉಳಿದವರಲ್ಲಿ ಉತ್ತಮ ಸಾಧನೆಯ ಮೂವರು. ಈ ಮೂವರಿಗೆ ವೈಲ್ಡ್ ಕಾರ್ಡ್ ಎನ್ನುತ್ತಾರೆ. ಇಷ್ಟು ತಂಡಗಳಿಗೆ ಇಷ್ಟೇ ಪಂದ್ಯಗಳಾದ್ದರಿಂದ ಇಬ್ಬರು ಮೂವರು ಸಮನಾಗಿ ನಿಲ್ಲುವುದು ಅಲ್ಲಿ ಮಾಮೂಲು.

ಒಂದೇ ಡಿವಿಷನ್‌ನ ಎರಡು ತಂಡಗಳು ಸಮನಾದರೆ ಮೊದಲ ಪ್ರಶ್ನೆ, ಅವು ಪರಸ್ಪರ ಆಡಿದಾಗ ಗೆದ್ದವರು ಯಾರು? ಅದರಲ್ಲೂ ಸಮವಾದರೆ ಡಿವಿಷನ್ ಒಳಗಿನ ಸಾಧನೆ ನೋಡುತ್ತಾರೆ. ಆಮೇಲೆ ಇಬ್ಬರೂ ಎದುರಿಸಿದ ಸಮಾನ ಎದುರಾಳಿಗಳ ವಿರುದ್ಧದ ಫಲಿತಾಂಶ, ಆಮೇಲೆ ಕಾನ್ಫರೆನ್ಸ್ ಒಳಗಿನ ಸಾಧನೆ. ಅಲ್ಲಿಗೂ ಬಗೆಹರಿಯದಿದ್ದರೆ, ನೀವು ಸೋಲಿಸಿದ ತಂಡಗಳು ಒಟ್ಟಾಗಿ ಎಷ್ಟು ಪಂದ್ಯ ಗೆದ್ದಿವೆ ಎಂದು ಎಣಿಸುತ್ತಾರೆ. ಬಲಿಷ್ಠರನ್ನು ಸೋಲಿಸಿದವರಿಗೆ ಇಲ್ಲಿ ಮೇಲುಗೈ. ಎಷ್ಟು ಅಂತರದಿಂದ ಗೆದ್ದಿರಿ ಎಂಬ ಪ್ರಶ್ನೆ ಪಟ್ಟಿಯ ಬಹಳ ಕೆಳಗೆ ಬರುತ್ತದೆ. ಕಟ್ಟಕಡೆಗೆ ನಾಣ್ಯ ಚಿಮ್ಮುವುದು.

ಈ ಕ್ರಮ ನನಗೆ ಮೆಚ್ಚುಗೆ. ಎಷ್ಟು ಅಂತರದಿಂದ ಗೆದ್ದೆ ಎನ್ನುವುದಕ್ಕಿಂತ ಯಾರನ್ನು ಗೆದ್ದೆ ಎನ್ನುವುದು ದೊಡ್ಡದು. ಅಂತರವನ್ನೇ ಮೊದಲು ಎಣಿಸಿದರೆ, ಆಗಲೇ ಸೋತು ಕೂತ ದುರ್ಬಲ ತಂಡದ ಮೇಲೆ ಮತ್ತಷ್ಟು ಅಂಕ ಪೇರಿಸುವವನಿಗೆ ಲಾಭ. 2010ರ ಋತುವಿನಲ್ಲಿ ಗ್ರೀನ್ ಬೇ ಪ್ಯಾಕರ್ಸ್, ನ್ಯೂಯಾರ್ಕ್ ಜೈಂಟ್ಸ್, ಟ್ಯಾಂಪಾ ಬೇ ಬಕನೀರ್ಸ್ ಮೂರೂ 16ರಲ್ಲಿ 10 ಪಂದ್ಯ ಗೆದ್ದವು. ಉಳಿದಿದ್ದದ್ದು ಒಂದೇ ಸ್ಥಾನ. ಹೆಚ್ಚು ಗಟ್ಟಿ ತಂಡಗಳನ್ನು ಸೋಲಿಸಿದ್ದ ಪ್ಯಾಕರ್ಸ್ ಒಳಗೆ ಹೋಯಿತು. ಹಾಗೆ ಕೊನೆಯ ಸ್ಥಾನದಲ್ಲಿ ನುಸುಳಿದ ತಂಡ ಎದುರಾಳಿಗಳ ಅಂಗಳದಲ್ಲೇ ಮೂರು ಪಂದ್ಯ ಗೆದ್ದು, 2011ರ ಫೆಬ್ರವರಿಯಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ 31–25ರಿಂದ ಸೂಪರ್ ಬೌಲ್ ಎತ್ತಿತು.

ಹಾಗಾದರೆ ತಕರಾರು ಎಲ್ಲಿ? ಅದೇ ವರ್ಷ ಸಿಯಾಟಲ್ ಸೀಹಾಕ್ಸ್ 7 ಗೆದ್ದು 9 ಸೋತಿತ್ತು. ಸೇಂಟ್ ಲೂಯಿಸ್ ರ‍್ಯಾಮ್ಸ್ ಸಾಧನೆಯೂ ಅಷ್ಟೇ. ಪರಸ್ಪರ ಪಂದ್ಯಗಳಲ್ಲೂ ಒಂದೊಂದು ಗೆಲುವು. ಡಿವಿಷನ್ ಒಳಗೆ ಒಂದು ಪಂದ್ಯ ಹೆಚ್ಚು ಗೆದ್ದಿದ್ದ ಸಿಯಾಟಲ್ ವಿಜೇತ ಎನಿಸಿತು. ಡಿವಿಷನ್ ವಿಜೇತರಿಗೆ ಸ್ಥಾನ ಖಚಿತ. ಜೊತೆಗೆ ಮೊದಲ ಪಂದ್ಯ ತವರಿನಲ್ಲಿ. ಹೀಗಾಗಿ 11 ಪಂದ್ಯ ಗೆದ್ದಿದ್ದ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಸಿಯಾಟಲ್‌ಗೆ ಪ್ರಯಾಣಿಸಿ 41–36ರಿಂದ ಸೋತು ಮನೆಗೆ ಹೋಯಿತು. ಹತ್ತು ಗೆದ್ದ ಜೈಂಟ್ಸ್ ಮತ್ತು ಬಕನೀರ್ಸ್ ಟಿವಿ ಮುಂದೆ ಕುಳಿತಿದ್ದವು. ಇವೆರಡೂ ಆ ಋತುವಿನಲ್ಲಿ ಸಿಯಾಟಲ್ ಅನ್ನು ಸುಲಭವಾಗಿ ಸೋಲಿಸಿದ್ದ ತಂಡಗಳೇ.

ಬಹಳ ಜನ ಇಂಥ ಸಂದರ್ಭದಲ್ಲಿ ಟೈಬ್ರೇಕರ್ ಅನ್ನು ಬೈಯುತ್ತಾರೆ. ನನ್ನ ಪ್ರಕಾರ ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಟೈಬ್ರೇಕರ್ ತನ್ನ ಮುಂದೆ ಬಂದ ತಂಡಗಳ ನಡುವೆ ನ್ಯಾಯವಾಗಿಯೇ ಆರಿಸುತ್ತದೆ. ಯಾರು ಯಾರೊಂದಿಗೆ ಸ್ಪರ್ಧಿಸಬೇಕು ಎಂದು ಅದಕ್ಕೂ ಮೊದಲೇ ಗೋಡೆ ಕಟ್ಟಿಟ್ಟಿರುವುದು ಡಿವಿಷನ್ ನಿಯಮ.

ಹಾಗೆಂದು ಡಿವಿಷನ್ ಮೀಸಲನ್ನು ಪೂರ್ತಿ ಕಿತ್ತುಹಾಕಿ ಎನ್ನುವವರ ಪಕ್ಷವೂ ನನ್ನದಲ್ಲ. 2008ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 11 ಪಂದ್ಯ ಗೆದ್ದೂ ಹೊರಗುಳಿಯಿತು. 8 ಗೆದ್ದು 8 ಸೋತ ಸ್ಯಾನ್ ಡಿಯಾಗೊ ಚಾರ್ಜರ್ಸ್ ಒಳಗೆ ಹೋಯಿತು. ಕೇಳಿದ ಕೂಡಲೇ ಅನ್ಯಾಯ ಅನ್ನಿಸುತ್ತದೆ. ಆದರೆ ಅದೇ ಅಕ್ಟೋಬರ್‌ನಲ್ಲಿ ಈ ಚಾರ್ಜರ್ಸ್ ಅದೇ ಪೇಟ್ರಿಯಟ್ಸನ್ನು 30–10ರಿಂದ ಸೋಲಿಸಿತ್ತು. ಎಲ್ಲರೂ ಎಲ್ಲರ ವಿರುದ್ಧ ಆಡದ ಲೀಗ್‌ನಲ್ಲಿ ಗೆಲುವಿನ ಸಂಖ್ಯೆ ಮಾತ್ರ ಸತ್ಯ ಹೇಳುವುದಿಲ್ಲ. ಒಂದು ಡಿವಿಷನ್‌ನ ನಾಲ್ಕು ತಂಡಗಳ ವೇಳಾಪಟ್ಟಿ ಬಹುಪಾಲು ಒಂದೇ ತೆರನಾದದ್ದು. ಹಾಗಾಗಿ ಅವುಗಳ ನಡುವಿನ ಹೋಲಿಕೆಯೇ ಹೆಚ್ಚು ನಂಬಿಕೆಗೆ ಅರ್ಹ. ಅಲ್ಲಿ ಮೊದಲು ಬಂದವರಿಗೆ ಒಂದು ಬೆಲೆ ಇರಲೇಬೇಕು.

ಆದ್ದರಿಂದ ನನ್ನ ಬೇಡಿಕೆ ಎರಡೇ. ಮೊದಲನೆಯದು, ಗೆಲುವಿಗಿಂತ ಸೋಲು ಹೆಚ್ಚಿರುವ ತಂಡಕ್ಕೆ ಡಿವಿಷನ್ ಗೆದ್ದ ಮಾತ್ರಕ್ಕೆ ಸ್ಥಾನ ಖಚಿತವಾಗಬಾರದು. ಅದೂ ಉಳಿದವರ ಸಾಲಿನಲ್ಲಿ ನಿಲ್ಲಲಿ. ಸಿಯಾಟಲ್‌ನದು ಒಂಟಿ ಉದಾಹರಣೆಯಲ್ಲ. 2014ರಲ್ಲಿ ಕ್ಯಾರೊಲಿನಾ, 2020ರಲ್ಲಿ ವಾಷಿಂಗ್ಟನ್, 2022ರಲ್ಲಿ ಟ್ಯಾಂಪಾ ಬೇ ಹೀಗೆಯೇ ಒಳಗೆ ಹೋಗಿವೆ. ಎರಡನೆಯದು, ತವರಿನ ಪಂದ್ಯ ಹೆಚ್ಚು ಗೆದ್ದವರಿಗೆ ಸಿಗಲಿ. 2024ರ ಋತುವಿನಲ್ಲಿ 14 ಪಂದ್ಯ ಗೆದ್ದ ಮಿನ್ನೆಸೋಟ ವೈಕಿಂಗ್ಸ್, 10 ಗೆದ್ದ ಲಾಸ್ ಏಂಜಲೀಸ್ ರ‍್ಯಾಮ್ಸ್ ಎದುರು ಅತಿಥಿ ತಂಡವಾಗಿ ಆಡಬೇಕಾಯಿತು. ಮರುವರ್ಷ ಡೆಟ್ರಾಯಿಟ್ ಲಯನ್ಸ್ ಈ ಕ್ರಮ ಬದಲಿಸಲು ಪ್ರಸ್ತಾವ ತಂದು, ಮೇ ತಿಂಗಳಲ್ಲಿ ಹಿಂಪಡೆಯಿತು.

ಹೀಗೆ ಮಾಡಿದರೆ ನೆರೆಹೊರೆಯ ತಂಡಗಳ ಹಳೆಯ ಪೈಪೋಟಿಗೆ ಅರ್ಥವೇ ಉಳಿಯದು ಎಂದು ವಿರೋಧಿಗಳು ಹೇಳುತ್ತಾರೆ. ಉಳಿಯುತ್ತದೆ. ಡಿವಿಷನ್ ಗೆದ್ದು, ಕನಿಷ್ಠ ಅರ್ಧ ಪಂದ್ಯ ಗೆದ್ದವರಿಗೆ ಸ್ಥಾನ ಹಾಗೆಯೇ ಇರುತ್ತದಲ್ಲ! ಸಿಯಾಟಲ್ ಕೊನೆಗೆ ಗೆದ್ದು ತೋರಿಸಿತಲ್ಲ ಎಂಬ ವಾದವೂ ನಿಲ್ಲದು. ಒಳಗೆ ಬಿಟ್ಟವರು ಗೆದ್ದರು ಎಂಬುದು, ಹೊರಗೆ ನಿಲ್ಲಿಸಿದವರು ಗೆಲ್ಲುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಋತು ಆರಂಭವಾಗುವ ಮೊದಲೇ ನಿಯಮ ಎಲ್ಲರಿಗೂ ಗೊತ್ತಿರುತ್ತದೆ, ಆಮೇಲೆ ದೂರುವುದೇಕೆ ಎಂದು ಕೇಳಬಹುದು. ಮೊದಲೇ ಹೇಳಿದ ನಿಯಮ ಮೋಸವಲ್ಲ, ನಿಜ. ಆದರೆ ಮೋಸವಲ್ಲದ್ದೆಲ್ಲ ನ್ಯಾಯವೂ ಆಗಿಬಿಡುವುದಿಲ್ಲ. ಮೊದಲೇ ಹೇಳುವ ನಿಯಮವನ್ನು ಮೊದಲೇ ಸರಿಪಡಿಸಲೂ ಬರುತ್ತದೆ.