ಟೈಟಲ್ ಕಾರ್ಡಿನಲ್ಲಿ ಯಾರ ಹೆಸರು?

ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಚಹಾದಂಗಡಿ. "ಅಣ್ಣಾ, ಹೀರೋ ಇಲ್ಲ, ಕ್ಯಾಮೆರಾ ಇಲ್ಲ... ಅದೂ ಒಂದು ಸಿನಿಮಾ ಏನ್ರಿ?" ಅಂದ ಒಬ್ಬ ತಮ್ಮ.

ಅವನು ಕೇಳಿದ್ದು 2025ರಲ್ಲಿ ಬಂದ ನಮ್ಮ ಕನ್ನಡದ 'ಲವ್ ಯು' ಬಗ್ಗೆ! ಬೆಂಗಳೂರು ಬಾಗಲಗುಂಟೆಯ ಆಂಜನೇಯ ದೇವಸ್ಥಾನದ ಅರ್ಚಕ ನರಸಿಂಹಮೂರ್ತಿ ಇದರ ನಿರ್ದೇಶಕರು. ಕಂಪ್ಯೂಟರ್ ಕೈಚಳಕ ನೂತನ್ ಅವರದು. 95 ನಿಮಿಷ, 12 ಹಾಡು, ಖರ್ಚು ಸುಮಾರು 10 ಲಕ್ಷ. ದೊಡ್ಡ ಹೀರೋನ ಒಂದು ಹಾಡಿಗೂ ಸಾಲದ ದುಡ್ಡು! ಮುಖ, ದನಿ, ಸಂಗೀತ ಎಲ್ಲಾ ಕೃತಕ ಬುದ್ಧಿಯದೇ.

ಭೇಷ್! ಆದರೆ ಕೇಳಿದ್ದನ್ನೆಲ್ಲ ಯಂತ್ರವೇ ಕೊಟ್ಟರೆ ನಮ್ಮ ಕೈಗೇನು ಕೆಲಸ?

ಇನ್ನೊಂದು ದಾರಿ ಐತಿ ನೋಡ್ರಿ. 2001ರಲ್ಲಿ ಕೇಸಿ ರಿಯಾಸ್, ಬೆನ್ ಫ್ರೈ ಹುಟ್ಟುಹಾಕಿದ 'ಪ್ರೊಸೆಸಿಂಗ್'ನಲ್ಲಿ ನಾಲ್ಕು ಸಾಲು ಬರೆದರೆ ತೆರೆ ಮೇಲೆ ಬಣ್ಣದ ಚಕ್ರ ಕುಣಿಯುತ್ತದೆ. ಸ್ಯಾಮ್ ಆರನ್ ಅವರ 'ಸೋನಿಕ್ ಪೈ'ನಲ್ಲಿ 'ಪ್ಲೇ 60' ಅಂದರೆ ಹಾರ್ಮೋನಿಯಂನ ಬಿಳಿ ಒಂದು. 67 ಅಂದರೆ ಅದರ ಪಂಚಮ! ಎರಡಕ್ಕೂ ಕಾಸಿಲ್ಲ. ಗೆಳೆಯನ ಹಳೇ ಲ್ಯಾಪ್‌ಟಾಪ್ ಸಾಕು.

ಒಂದಕ್ಷರ ತಪ್ಪಿದರೆ ಹಾಡೇ ಬಂದ್. ತಿದ್ದುವವನೂ ನೀನೇ ತಮ್ಮಾ. ಅದಕ್ಕೇ, ಟೈಟಲ್ ಕಾರ್ಡಿನಲ್ಲಿ ನಿನ್ನ ಹೆಸರು ಹಾಕಿಕೊಳ್ಳೋಕೆ ನಾಚಿಕೊಬೇಡ!